ನೆಲ ನೋಡುವ ನೀಲಿ, ಬಾನು ನೋಡುವ ನೀಲಿ

ಚಿಕ್ಕ ನೀಲಿ ಹೂವುಗಳನ್ನು ಒಂದರಿಂದ ಒಂದು ಬೇರೆ ಮಾಡಿ ಹೇಳುವುದು ಈ ವರ್ಷದ ಏಪ್ರಿಲ್‌ವರೆಗೆ ನನಗೆ ಬರುತ್ತಿರಲಿಲ್ಲ. ಇದೇನು ಅಂಥ ದೊಡ್ಡ ಕೊರತೆಯಲ್ಲ ಎಂದು ನೀವು ಸಮಾಧಾನ ಹೇಳಬಹುದು. ಆದರೆ ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮೈಸೂರಿನಲ್ಲಿ ಹೂವುಗಳನ್ನು ಬ್ಲೇಡಿನಿಂದ ಉದ್ದಕ್ಕೂ ಅಡ್ಡಕ್ಕೂ ಸೀಳಿ, ದಳವೆಷ್ಟು, ಕೇಸರವೆಷ್ಟು, ಅಂಡಾಶಯ ಮೇಲಿದೆಯೋ ಕೆಳಗಿದೆಯೋ ಎಂದು ಬರೆದು ಅಂಕ ಗಿಟ್ಟಿಸಿದವಳು. ಆಮೇಲೆ ಮದುವೆ, ವೀಸಾ, ಒಂದಷ್ಟು ಕೋರ್ಸುಗಳು ಎಲ್ಲ ಸೇರಿ ನನ್ನನ್ನು ಸಾಫ್ಟ್‌ವೇರ್ ಟೆಸ್ಟಿಂಗಿಗೆ ತಂದು ಬಿಟ್ಟವು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ತಪ್ಪು ಹುಡುಕುವುದರಲ್ಲಿ ನಾನು ಜಾಣೆ ಎಂದು ಆಫೀಸಿನಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಧಾಟಿ ಮಾತ್ರ ಬೇರೆ.

ನಾನು ಡೈರಿ ಬರೆಯುತ್ತೇನೆ. ಅದರಲ್ಲಿ ಸಾಹಿತ್ಯದ ಆಸೆ ಏನೂ ಇಲ್ಲ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಅಷ್ಟೆ. ನೆನಪು ಒಳ್ಳೆಯ ಕತೆಗಾರನಂತೆ. ಕೇಳುವವರಿಗೆ ಬೇಸರವಾಗದಿರಲೆಂದು ತಾನೇ ಒಂದೆರಡು ವಿವರ ಸೇರಿಸಿಬಿಡುತ್ತದೆ. ಹಾಗಾಗಿ ನಡೆದದ್ದನ್ನು ಅಂದೇ ಗೀಚಿಟ್ಟರೆ ಮೇಲು ಎಂದು ಟೊರೊಂಟೊ ಬಳಿಯ ಬರ್ಲಿಂಗ್ಟನ್ನಿಗೆ ಬಂದಾಗಿನಿಂದ ಬರೆಯುತ್ತಿದ್ದೇನೆ. ಪ್ರತಿ ವರ್ಷವೂ ಹಿಮ ಕರಗಿ, ಹುಲ್ಲು ಇನ್ನೂ ನೆನೆದ ಕಂಬಳಿಯ ಹಾಗೆ ಬಿದ್ದಿರುವಾಗ ಒಂದು ಸಾಲು ಬರುತ್ತದೆ: "ನೀಲಿ ಹೂವು ಬಂತು." ಯಾವ ನೀಲಿ ಹೂವು? ಅದನ್ನು ಎಲ್ಲೂ ಬರೆದಿಲ್ಲ. ಒಂದು ವರ್ಷ ನಮ್ಮ ಅಂಗಳದ್ದು, ಒಂದು ವರ್ಷ ಆಫೀಸಿನ ಪಾರ್ಕಿಂಗ್ ಲಾಟಿನ ಬದಿಯದು, ಇನ್ನೊಂದು ವರ್ಷ ಪಕ್ಕದ ಮನೆಯದು ಇರಬಹುದು. ಬೇರೆ ಬೇರೆ ಹೂವುಗಳನ್ನು ಒಂದೇ ಹೂವೆಂದು ನಂಬಿ, ಅದು ಹೋದ ವರ್ಷಕ್ಕಿಂತ ಬೇಗ ಬಂತು, ತಡವಾಗಿ ಬಂತು ಎಂದು ಹವಾಮಾನದ ಬಗ್ಗೆ ಚಿಂತನೆ ಕೂಡ ಮಾಡಿದ್ದೇನೆ. ನೆನಪನ್ನು ನಂಬದೆ ಬರೆದಿಟ್ಟದ್ದೇನೋ ಸರಿ. ಬರೆದವಳೂ ನಾನೇ ಎನ್ನುವುದನ್ನು ಮರೆತಿದ್ದೆ.

ನಮ್ಮ ಕಡೆಯವರಿಗೆ ನೀಲಿ ಹೂವಿನ ಅಭ್ಯಾಸ ಕಡಿಮೆ. ಊರಿನ ಹಿತ್ತಿಲಲ್ಲಿ ಇದ್ದದ್ದು ಒಂದು ಶಂಖಪುಷ್ಪ. ಸ್ಫಟಿಕದ ಹೂವನ್ನೂ ನೀಲಿ ಎನ್ನುತ್ತಿದ್ದೆವು. ಈಗ ಯೋಚಿಸಿದರೆ ಅದು ನೇರಳೆ. ಬಿಳಿಯಲ್ಲಿ ನಮಗೆ ಮಲ್ಲಿಗೆ, ಜಾಜಿ, ಸೂಜಿಮಲ್ಲಿಗೆ, ಕಾಕಡ, ಸುಗಂಧರಾಜ ಎಂದು ಕಣ್ಣು ಮುಚ್ಚಿ ವಾಸನೆಯಲ್ಲೇ ಹೇಳುವಷ್ಟು ಭೇದ ಗೊತ್ತು. ನೀಲಿಗೆ ಬಂದರೆ ನೀಲಿ, ಅಷ್ಟೆ. ಹಾಗಾಗಿ ಇಲ್ಲಿಯ ವಸಂತದ ಗಡ್ಡೆಹೂವುಗಳು, ಗೇಣುದ್ದ ಕೂಡ ಇಲ್ಲದವು, ನನ್ನ ಕಣ್ಣಿಗೆ ಒಂದೇ ತಾಯಿಯ ಮಕ್ಕಳ ಹಾಗೆ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಮುಂದೆಯೂ ಹಾಗೇ ಕಾಣುತ್ತಿದ್ದವೇನೋ, ನಮ್ಮತ್ತೆಯ ಮೇಲೆ ಹೂವಿನ ಕಳ್ಳತನದ ಆರೋಪ ಬಾರದಿದ್ದರೆ.

ಅತ್ತೆಗೆ ಎಂಬತ್ತು ದಾಟಿದೆ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಚಳಿಗಾಲದಲ್ಲಿ ನಮ್ಮ ಮನೆಯ ದೇವರಿಗೆ ಹೂವಿನ ಬರ. ಅಂಗಡಿಯ ಸೇವಂತಿಗೆ ಕಟ್ಟನ್ನು ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಇಟ್ಟು, ದಿನಕ್ಕೊಂದು ಹೂವು ತೆಗೆದು, ಅದನ್ನೂ ಎಸಳು ಎಸಳಾಗಿ ಬಿಡಿಸಿ ಹಂಚುತ್ತಾರೆ. ಗಣಪತಿಗೆ ಒಂದು ಚಿಟಿಕೆ, ಲಕ್ಷ್ಮಿಗೆ ಒಂದು ಚಿಟಿಕೆ, ಉಳಿದವರಿಗೆ ಅಕ್ಷತೆ. ನವೆಂಬರಿನಿಂದ ನಡೆಯುವ ಈ ರೇಷನ್ನು ಮುಗಿಯುವುದು ಮೊದಲ ನೀಲಿ ಹೂವು ಕಂಡಾಗ. ಅಂದಿನಿಂದ ಅತ್ತೆ ಬೆಳಿಗ್ಗೆ ಸ್ನಾನ ಮುಗಿಸಿ, ಸೀರೆಯ ಮೇಲೆ ಮಗನ ಹಳೆಯ ಸ್ಕೀ ಜಾಕೆಟ್ಟು, ಕಾಲಿಗೆ ಮೊಮ್ಮಗಳ ರಬ್ಬರ್ ಬೂಟು ಹಾಕಿಕೊಂಡು, ಮೊಸರಿನ ಖಾಲಿ ಡಬ್ಬಿ ಹಿಡಿದು ಹೊರಡುತ್ತಾರೆ. ಬೀದಿಯ ಕೊನೆಯಲ್ಲಿ ಒಂದು ತೊರೆ. ಅದರ ದಂಡೆಯ ಮೇಪಲ್ ಮರಗಳ ಕೆಳಗೆ, ಯಾರದೋ ತೋಟದಿಂದ ಎಂದೋ ತಪ್ಪಿಸಿಕೊಂಡು ಬಂದ ನೀಲಿ ಹೂವು ನೆಲ ಕಾಣದಷ್ಟು ಹಬ್ಬಿದೆ. ಡಬ್ಬಿಯ ತಳ ಮುಚ್ಚುವಷ್ಟು ಬಿಡಿಸಿಕೊಂಡು ಬರುತ್ತಾರೆ.

ಈ ನಡಿಗೆಯನ್ನು ನಾನು ದೇವರ ಕೆಲಸ ಎಂದು ಮಾತ್ರ ತಿಳಿದಿದ್ದೆ. ಯೋಚಿಸಿದರೆ, ಈ ದೇಶದಲ್ಲಿ ಅತ್ತೆ ಇನ್ನೊಬ್ಬರನ್ನು ಕೇಳದೆ ಮಾಡುವ ಕೆಲಸ ಅದೊಂದೇ. ಡಾಕ್ಟರ ಹತ್ತಿರ ಅವರ ಹೊಟ್ಟೆನೋವನ್ನು ನಾನು ಹೇಳಬೇಕು. ದೇವಸ್ಥಾನಕ್ಕೆ ಮಗನ ಕಾರು ಬೇಕು. ಟೀವಿಗೆ ಕೂಡ ಮೊಮ್ಮಗಳು ಬಂದು ರಿಮೋಟಿನ ಗುಂಡಿ ಒತ್ತಿಕೊಡಬೇಕು. ಆ ಬೆಳಗಿನ ಹೊತ್ತು, ಮೊಸರಿನ ಡಬ್ಬಿಯ ಜೊತೆ ಮಾತ್ರ, ಅವರು ತಮ್ಮ ಪಾಡಿಗೆ ತಾವು.

ಏಪ್ರಿಲ್ ಬಂದರೆ ನನಗೆ ದಣಿವು. ಎಲ್ಲರಿಗೂ ಚೈತನ್ಯ ಬರುವ ಕಾಲದಲ್ಲಿ ನನಗೆ ಮಾತ್ರ ಚಳಿಗಾಲವಿಡೀ ಹೊತ್ತ ಕೋಟುಗಳ ಭಾರವೆಲ್ಲ ಒಟ್ಟಿಗೆ ಹೆಗಲ ಮೇಲೆ ಕೂತಂತಾಗುತ್ತದೆ. ಆಫೀಸಿನಲ್ಲೂ ಅದು ಹೊಸ ಪ್ರೋಗ್ರಾಮು ಹೊರಬೀಳುವ ರಿಲೀಸಿನ ಸಮಯ. ಅಂಥ ಒಂದು ಸಂಜೆ ಓಕ್‌ವಿಲ್‌ನ ಆಫೀಸಿನಿಂದ ಮನೆಗೆ ಬಂದು, ಬೀದಿಯಲ್ಲಿ ಬಿದ್ದಿದ್ದ ಕಸದ ಡಬ್ಬಗಳನ್ನು ಒಳಗೆ ಎಳೆಯುತ್ತಿದ್ದಾಗ ಪಕ್ಕದ ಮನೆಯ ಜೋನ್ ಬೇಲಿಯ ಹತ್ತಿರ ಬಂದಳು. ಒಬ್ಬಳೇ ಇರುವ ಹೆಂಗಸು, ಅತ್ತೆಗಿಂತ ಸ್ವಲ್ಪ ಚಿಕ್ಕವಳು. ಅವಳ ಮನೆಯ ಮುಂದೆ ಮೆಟ್ಟಿಲ ಬದಿಗೆ ಒಂದು ಚಾಪೆಯಷ್ಟು ಜಾಗದಲ್ಲಿ ನೀಲಿ ಹೂವು ಬರುತ್ತದೆ.

"ನಿನ್ನ ಅತ್ತೆ ಬೆಳಿಗ್ಗೆ ಬೇಗ ಹೊರಗೆ ಹೋಗುತ್ತಾರಲ್ಲವೆ? ನನ್ನ ನೀಲಿ ಹೂವು ದಿನಾ ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದೆ. ಬರೀ ಕಡ್ಡಿ ನಿಂತಿರುತ್ತದೆ. ಜಸ್ಟ್ ವಂಡರಿಂಗ್," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ಆ ನಗುವೇ ನನ್ನನ್ನು ಹೆದರಿಸಿದ್ದು. ಈ ದೇಶದಲ್ಲಿ ದೂರನ್ನು ದೂರಿನ ಹಾಗೆ ಹೇಳುವುದಿಲ್ಲ ಎಂದು ನಾವು ಕಷ್ಟಪಟ್ಟು ಕಲಿತಿದ್ದೇವೆ. ಮೊದಲು ಬಾಡಿಗೆಗೆ ಇದ್ದ ಮನೆಯಲ್ಲಿ ಎದುರಿನವನೊಬ್ಬ "ನಿಮ್ಮ ಹುಲ್ಲು ಎಷ್ಟು ಸೊಂಪಾಗಿದೆ" ಎಂದಾಗ ನಾವಿಬ್ಬರೂ ಹಿಗ್ಗಿ ಥ್ಯಾಂಕ್ಸ್ ಹೇಳಿದ್ದೆವು. ಆಮೇಲೆ ಹುಲ್ಲು ಕತ್ತರಿಸಿ ಎಂದು ನಗರಸಭೆಯ ಚೀಟಿ ಬಂತು. ಅಂದಿನಿಂದ ಯಾರು ಏನು ಹೊಗಳಿದರೂ ಅದನ್ನು ಮಗುಚಿ ಹಾಕಿ ಅಡಿ ನೋಡುವುದು ನಮಗೆ ರೂಢಿಯಾಗಿದೆ. ಜೋನಳ 'ಜಸ್ಟ್ ವಂಡರಿಂಗ್' ಅನ್ನು ಮಗುಚಿದೆ. ಅಡಿಯಲ್ಲಿ ನಮ್ಮತ್ತೆ ಕಂಡರು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಶ್ರೀಧರ ಟೊರೊಂಟೊ ರೈಲಿನಲ್ಲಿ ನಿಂತೇ ಬಂದು ಸುಸ್ತಾಗಿದ್ದ. ಸುಸ್ತಾದ ಗಂಡಸರಂತೆ ನೇರವಾಗಿ ವಿಷಯಕ್ಕೆ ಬಂದ.

"ಅಮ್ಮಾ, ಪಕ್ಕದ್ಮನೆ ಜೋನ್ ಹೂ ಕೀಳ್ತಿದೀಯಾ?"

"ಅವಳ ಹೂ ನನಗ್ಯಾಕೋ? ತೊರೆ ಹತ್ರ ರಾಶಿ ಬಿದ್ದಿದೆ."

"ಪಾರ್ಕಲ್ಲೂ ಕೀಳ್ಬಾರ್ದು, ಅದು ಬೇರೆ ಪ್ರಶ್ನೆ. ನಾನು ಕೇಳ್ತಿರೋದು ಜೋನ್ ಮನೇದು. ಮೈಸೂರಲ್ಲಿ ನೀನು ಯಾರ್ ಕಾಂಪೌಂಡ್ ಬಿಟ್ಟಿದ್ದೆ ಹೇಳು?"

"ಅಲ್ಲಿ ಎಲ್ರೂ ಎಲ್ರದ್ದೂ ಕೀಳ್ತಿದ್ರಪ್ಪ. ನಮ್ಮನೆ ದಾಸವಾಳ ಒಂದ್ ದಿನಾನಾದ್ರೂ ನಮಗೆ ಸಿಕ್ಕಿತ್ತಾ?"

ಇದು ನಿಜ. ನಮ್ಮ ಊರುಗಳಲ್ಲಿ ಬೆಳಗಿನ ಹೂವಿನ ವಿಷಯದಲ್ಲಿ ಆಸ್ತಿಯ ಹಕ್ಕು ಕಾಂಪೌಂಡಿನ ಒಳಗೋಡೆಗೆ ನಿಲ್ಲುತ್ತಿತ್ತು. ಆಚೆ ಬಾಗಿದ ಕೊಂಬೆ ಊರಿನದು. ಎಂಥ ಮಡಿವಂತ ಹೆಂಗಸೂ ಕೊಕ್ಕೆಯ ಕೋಲು ಹಿಡಿದು ಪಕ್ಕದ ಮನೆಯ ಕಣಗಿಲೆಯನ್ನು ಬಗ್ಗಿಸುತ್ತಿದ್ದಳು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಇವಳ ನಂದಬಟ್ಟಲಿಗೆ ಕೈ ಹಾಕಿರುತ್ತಿದ್ದಳು. ಇಬ್ಬರೂ ಎದುರಾದರೆ ಹವೆಯ ಬಗ್ಗೆ ಮಾತಾಡುತ್ತಿದ್ದರು. ದೇವರ ಮುಂದೆ ಇಡೀ ಬೀದಿಯ ಹೂವು ಅದಲು ಬದಲಾಗಿ ಸೇರುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಬರ್ಲಿಂಗ್ಟನ್ನಿನಲ್ಲಿ ಯಾರಿಗೆ ವಿವರಿಸುವುದು?

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ಹಾಕಿದೆ. "ನಾನೂ ಒಂದ್ಸಲ ನೋಡಿದ ನೆನಪು ಅತ್ತೆ. ಜೋನ್ ಮನೆ ಮುಂದೆ ಬಗ್ಗಿದ್ರಿ."

ಅತ್ತೆ ತಟ್ಟೆಯಿಂದ ತಲೆ ಎತ್ತಿದರು. "ನೀನು ನೋಡಿದ್ಯಾ?"

"ಹೂಂ."

ಅವರು ಮೊಸರನ್ನ ಮುಗಿಸಿದರು. ನಮ್ಮ ಮಗಳು ಅದಿತಿ, ಈ ದೇಶದಲ್ಲೇ ಹುಟ್ಟಿದವಳು, ಕನ್ನಡದ ವಿಚಾರಣೆಯನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು. "ಅಜ್ಜಿ ಸೆಡ್ ನೋ. ವೈ ಆರ್ ವಿ ಸ್ಟಿಲ್ ಟಾಕಿಂಗ್?" ಅವಳ ತೀರ್ಪನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಶ್ರೀಧರ ಮೆಲ್ಲಗೆ ಹೇಳಿದ. "ಸುಳ್ಳು ಹೇಳೋಳಲ್ಲ ಅಮ್ಮ. ಕಿತ್ತು ಮರೆತಿದಾಳೆ ಅಂದ್ರೆ ಅದು ಇನ್ನೂ ವರಿ. ಮೆಮೊರಿ ಟೆಸ್ಟ್ ಮಾಡಿಸೋಣ್ವಾ? ಅಲ್ಲೀತನಕ ಒಬ್ಬಳೇ ಆಚೆ ಹೋಗೋದು ಬೇಡ." ನಾನು ಹೂಂ ಎಂದೆ. ಹೀಗೆ ಒಂದು ಹಿಡಿ ಹೂವಿನ ವಿಷಯ ಒಂದು ಸಂಜೆಯಲ್ಲಿ ಒಬ್ಬರ ಬುದ್ಧಿಯ ವಿಷಯವಾಯಿತು. ಮಾರನೆಯ ಬೆಳಿಗ್ಗೆ ಶ್ರೀಧರ ಅದನ್ನು ಚಳಿಯ ಕಾರಣವಾಗಿ, ಬಿದ್ದರೆ ಮೂಳೆ ಮುರಿಯುವ ಕಾರಣವಾಗಿ ಅಮ್ಮನಿಗೆ ಹೇಳಿದ. ಅತ್ತೆ ಮೊಸರಿನ ಡಬ್ಬಿಯನ್ನು ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿದರು. ಶ್ರೀಧರ ಸ್ಟೇಷನ್ನಿನ ಬಳಿಯ ಅಂಗಡಿಯಿಂದ ಕಾರ್ನೇಷನ್ ತಂದುಕೊಟ್ಟ. ಅದು ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ದೇವರಿಗೆ ಬರೀ ಅಕ್ಷತೆ.

ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಜಗಳವಿದ್ದರೆ ಒಂದು ದಿನ ಮುಗಿಯುತ್ತದೆ. ಅತ್ತೆ ಬೆಳಿಗ್ಗೆ ಎಂದಿನಂತೆ ಎದ್ದು, ಸ್ನಾನ ಮಾಡಿ, ಹೊರಡುವ ಹೊತ್ತಿಗೆ ಕಿಟಕಿಯ ಬಳಿ ಕುರ್ಚಿ ಹಾಕಿ ಕೂರುತ್ತಿದ್ದರು. ಆಫೀಸಿಗೆ ಹೊರಡುತ್ತ ನಾನು ಬೂಟಿನ ಲೇಸು ಬೇಕೆಂದೇ ತಡವಾಗಿ ಕಟ್ಟುತ್ತಿದ್ದೆ, ಏನಾದರೂ ಹೇಳುತ್ತಾರೋ ಎಂದು. ಅವರು ಬೀದಿಯ ಕೊನೆಯ ಕಡೆಗೇ ನೋಡುತ್ತಿದ್ದರು.

ಆಗ ನಾನು ಹೂವಿನ ಅಧ್ಯಯನಕ್ಕೆ ಇಳಿದೆ. ನ್ಯಾಯಕ್ಕಾಗಿ ಎಂದು ಹೇಳಿದರೆ ಅದು ನನ್ನನ್ನು ನಾನೇ ಹೊಗಳಿಕೊಂಡಂತೆ. ಮನಸ್ಸಿಗೆ ಕಿರಿಕಿರಿಯಾದಾಗ ಏನನ್ನಾದರೂ ವರ್ಗೀಕರಿಸಲು ಕೂರುವುದು ನನ್ನ ಹಳೆಯ ಚಟ. ಊಟದ ಬಿಡುವಿನಲ್ಲಿ ಆಫೀಸಿನ ಪಾರ್ಕಿಂಗ್ ಬದಿಯ ಹೂವಿಗೆ ಫೋನು ಹಿಡಿದೆ. ಗುರುತಿಸುವ ಆ್ಯಪು ಮೇಲಿಂದ ಹಿಡಿದಾಗ ಒಂದು ಹೆಸರು, ಬದಿಯಿಂದ ಹಿಡಿದಾಗ ಇನ್ನೊಂದು, ನನ್ನ ನೆರಳು ಬಿದ್ದಾಗ ಮೂರನೆಯದು ಹೇಳಿತು. ಮೂರನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳಿತು. ನನಗೆ ಅದರ ಮೇಲೆ ಕೋಪ ಬರಲಿಲ್ಲ. ಊಟದ ಮೇಜಿನಲ್ಲಿ 'ಹೂಂ' ಎಂದ ಇನ್ನೊಬ್ಬಳ ನೆನಪಾಯಿತು.

ಕೊನೆಗೆ ಕನ್ನಡಕ ಹಾಕಿಕೊಂಡು, ಹಳೆಯ ವಿದ್ಯಾರ್ಥಿನಿಯಂತೆ ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಕೂತರೆ ಕಷ್ಟವೇನಿಲ್ಲ. ಇಲ್ಲಿಯವರು ಸ್ಕ್ವಿಲ್ ಎನ್ನುವುದು ತಲೆ ಬಗ್ಗಿಸಿ ನಿಲ್ಲುತ್ತದೆ. ಗಂಟೆಯಂತೆ ತೂಗಿ ನೆಲ ನೋಡುತ್ತದೆ. ಒಳಗೂ ಹೊರಗೂ ಒಂದೇ ನೀಲಿ. ಹಿಮದ ಬೆನ್ನಿಗೇ ಬರುವ ಇನ್ನೊಂದಿದೆ. ಅದಕ್ಕೆ ಹಿಮದ ವೈಭವ ಎಂಬ ಅರ್ಥದ ಹೆಸರು ಕೊಟ್ಟಿದ್ದಾರೆ. ಅದು ನಕ್ಷತ್ರದಂತೆ ಬಿಚ್ಚಿಕೊಂಡು ಬಾನು ನೋಡುತ್ತದೆ, ನಡುವೆ ಬಿಳಿ ಕಣ್ಣು. ಮೂರನೆಯದಕ್ಕೆ ತಿಳಿನೀಲಿ ಎಸಳಿನ ನಡುವೆ ಗೀರು, ಪಟ್ಟೆ ಸೀರೆಯ ಹಾಗೆ. ನಾಲ್ಕನೆಯದು ದ್ರಾಕ್ಷಿ ಗೊಂಚಲಿನಂತೆ. ಅದನ್ನು ತಪ್ಪಾಗಿ ಗುರುತಿಸುವವರು ನನ್ನ ಡೈರಿ ಬಿಟ್ಟರೆ ಬೇರೆ ಯಾರೂ ಇರಲಾರರು.

ಇನ್ನೂ ಓದಿದೆ. ಸೈಬೀರಿಯದ್ದು ಎಂದು ಹೆಸರಿರುವ ಸ್ಕ್ವಿಲ್ಲಿನ ತವರು ಸೈಬೀರಿಯ ಅಲ್ಲವಂತೆ, ಇನ್ನೂ ದಕ್ಷಿಣದ ಬೆಟ್ಟಗಳ ಕಡೆಯದಂತೆ. ಯಾರೋ ಒಮ್ಮೆ ಹೇಳಿದ್ದು ನಿಂತುಬಿಟ್ಟಿದೆ. ನೆಲ ನೋಡುವುದನ್ನೂ ಬಾನು ನೋಡುವುದನ್ನೂ ಬೇರೆ ಬೇರೆ ಕುಲವೆಂದು ಬಹುಕಾಲ ಇಟ್ಟಿದ್ದ ಪಂಡಿತರಲ್ಲಿ ಕೆಲವರು ಈಗ ಎರಡೂ ಒಂದೇ ಎನ್ನುತ್ತಾರೆ. ನಾನು ಮಂಡಿ ನೋಯಿಸಿಕೊಂಡು ಭೇದ ಕಲಿತ ಮೇಲೆ. ಒಟ್ಟಿಗೆ ಬೆಳೆದಲ್ಲಿ ಇವೆರಡಕ್ಕೂ ಮಿಶ್ರಸಂತಾನ ಕೂಡ ಆಗುತ್ತದಂತೆ: ಪೂರ್ತಿ ನೆಲವನ್ನೂ ನೋಡದೆ ಪೂರ್ತಿ ಬಾನನ್ನೂ ನೋಡದೆ ಓರೆಯಾಗಿ ನಿಂತ ಹೂವು. ಇದನ್ನು ಅದಿತಿಗೆ ಓದಿ ಹೇಳಿದೆ. "ಅಮ್ಮಾ, ಡೋಂಟ್ ಮೇಕ್ ಇಟ್ ಅಬೌಟ್ ಮಿ," ಎಂದಳು.

ಜೋನಳ ಮೆಟ್ಟಿಲ ಬದಿಯ ಹೂವಿಗೆ ಬಿಳಿ ಕಣ್ಣಿತ್ತು. ನಮ್ಮ ಅಂಗಳದಿಂದಲೇ ಕಾಣುತ್ತಿತ್ತು. ತೊರೆಯ ದಂಡೆಯದು ಪೂರ್ತಿ ತಲೆ ಬಗ್ಗಿಸಿದ ಸ್ಕ್ವಿಲ್; ಒಂದು ಮಧ್ಯಾಹ್ನ ನಡೆದುಹೋಗಿ ನೋಡಿದೆ. ಹಾಗಾದರೆ ಅತ್ತೆ ಕಿತ್ತದ್ದು ಯಾವುದು ಎಂದು ಹೂವೇ ಹೇಳಬಲ್ಲದು. ಆದರೆ ಹೂವೆಲ್ಲಿದೆ? ಅತ್ತೆಯ ನಡಿಗೆ ನಿಂತು ವಾರವಾಗುತ್ತ ಬಂದಿತ್ತು.

ಆ ಶನಿವಾರ ಪಾತ್ರೆ ತೊಳೆಯುತ್ತ, ಜೋನಳ ಮನೆಯ ಮುಂದೆ ಅತ್ತೆ ಬಗ್ಗಿದ್ದ ದೃಶ್ಯವನ್ನು ಮತ್ತೆ ಮನಸ್ಸಿನಲ್ಲಿ ತಂದುಕೊಂಡೆ. ಟೆಸ್ಟಿಂಗಿನವರು ಮಾಡುವುದೇ ಇದು. ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆದು ಎಲ್ಲಿ ಎಡವುತ್ತದೆ ಎಂದು ನೋಡುವುದು. ಸೀರೆಯ ಸೆರಗು, ಬಗ್ಗಿದ ಬೆನ್ನು, ಹಿಂದೆ ಡ್ರೈವ್‌ವೇಯಲ್ಲಿ ನಮ್ಮ ಕೆಂಪು ಕಾರು. ಕೈಯಲ್ಲಿದ್ದ ಬಾಣಲೆಯನ್ನು ಹಾಗೇ ಇಟ್ಟೆ. ಕೆಂಪು ಕಾರನ್ನು ಅತ್ತೆ ಈ ದೇಶಕ್ಕೆ ಬರುವ ಮೊದಲೇ ಮಾರಿದ್ದೆವು. ಅವರು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾರೆ. ಹಾಗಾದರೆ ನಾನು ನೋಡಿದ್ದು ಯಾರನ್ನು? ಎಂದೋ ಕಾಗದ ಹೆಕ್ಕಲು ಬಗ್ಗಿದ್ದ ಜೋನಳನ್ನೇ ಇರಬಹುದು. ಮೈಸೂರಿನಲ್ಲಿ ಯಾರದೋ ಗಿಡಕ್ಕೆ ಬಗ್ಗಿದ್ದ ನನ್ನ ಅಮ್ಮನನ್ನು ಇರಬಹುದು. ಬಗ್ಗಿದ ಬೆನ್ನುಗಳೂ ನೀಲಿ ಹೂವುಗಳ ಹಾಗೆ. ಹತ್ತಿರ ಹೋಗಿ ನೋಡದಿದ್ದರೆ ಎಲ್ಲ ಒಂದೇ. ನಾನು ಎರಡು ಮೂರು ಬೆನ್ನುಗಳನ್ನು ಸೇರಿಸಿ ಒಂದು ಸಾಕ್ಷಿ ಹೊಲಿದಿದ್ದೆ. ಮೆಮೊರಿ ಟೆಸ್ಟಿಗೆ ಅತ್ತೆಯ ಹೆಸರು ಬರೆಸುವುದರಲ್ಲಿದ್ದೆವು.

ಆಗ ನೆನಪಾಯಿತು, ನಿರ್ಮಾಲ್ಯ. ದೇವರಿಂದ ತೆಗೆದ ಹೂವು ಕಾಲಿಗೆ ಸಿಗಬಾರದು. ಊರಿನಲ್ಲಿ ತುಳಸಿಯ ಬುಡಕ್ಕೋ ಹರಿಯುವ ನೀರಿಗೋ ಹಾಕುತ್ತಿದ್ದೆವು. ಇಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬ ಕೊಟ್ಟಿದ್ದಾರೆ. ಆದರೆ ಊರಿನವರೆಲ್ಲ ಕೋಳಿಯ ಮೂಳೆ ಹಾಕುವ ಗಾಡಿಗೆ ದೇವರ ಹೂವನ್ನು ಹೇಗೆ ಹಾಕುವುದು? ಅದಕ್ಕಾಗಿ ನಮ್ಮ ಗರಾಜಿನಲ್ಲಿ ಸೈಕಲ್ಲಿನ ಪಕ್ಕ ಒಂದು ಬಟ್ಟೆಯ ಚೀಲ ತೂಗುತ್ತದೆ. ನೆಲ ಸಡಿಲವಾಗಿ ಹಿತ್ತಿಲಲ್ಲಿ ಗುಂಡಿ ತೆಗೆಯುವವರೆಗೆ ನಿರ್ಮಾಲ್ಯವೆಲ್ಲ ಅದರಲ್ಲಿ. ಕಳ್ಳತನದ ಆರೋಪವಿರುವ ಮನೆಯಲ್ಲಿ ಕದ್ದ ಮಾಲನ್ನು ಭಕ್ತಿಯಿಂದ ಕೂಡಿಟ್ಟು ಗೂಟಕ್ಕೆ ತೂಗುಹಾಕಿದವರು ನಾವಲ್ಲದೆ ಇನ್ಯಾರು?

ಚೀಲವನ್ನು ಇಳಿಸಿ, ಗರಾಜಿನ ಬಾಗಿಲು ಎತ್ತಿ, ಬೆಳಕಿನಲ್ಲಿ ಹಳೆಯ ಪೇಪರಿನ ಮೇಲೆ ಸುರಿದೆ. ಮೊದಲು ಅಕ್ಷತೆ ಬಿತ್ತು, ಆಮೇಲೆ ನೀಲಿ ಹೂವು, ಕೊನೆಗೆ ತಳದಲ್ಲಿದ್ದ ಚಳಿಗಾಲದ ಸೇವಂತಿಗೆ. ನೀಲಿ ಹೂವುಗಳೆಲ್ಲ ಒಣಗಿ ಮುದುಡಿ ಒಂದೇ ಬಣ್ಣದ ನೂಲಿನ ಗಂಟಿನಂತಾಗಿದ್ದವು. ನೆಲ ನೋಡುತ್ತಿದ್ದವೋ ಬಾನು ನೋಡುತ್ತಿದ್ದವೋ, ಬಿಳಿ ಕಣ್ಣಿತ್ತೋ ಇಲ್ಲವೋ, ಏನೂ ತಿಳಿಯುವಂತಿರಲಿಲ್ಲ. ಎಂ.ಎಸ್ಸಿ. ಕೈ ಚೆಲ್ಲಿತು. ಪೇಪರು ಮಡಿಸುವಷ್ಟರಲ್ಲಿ ನೀಲಿ ಹೂವಿನ ನಡುವೆ ಗೆಜ್ಜೆವಸ್ತ್ರಗಳು ಕಂಡವು. ಅತ್ತೆ ಮಧ್ಯಾಹ್ನ ಕೂತು ಹತ್ತಿಯನ್ನು ಎಳೆದು, ಅಲ್ಲಲ್ಲಿ ಗಂಟು ಮಾಡಿ ಕುಂಕುಮ ಹಚ್ಚಿ ಮಾಡುವ ದೇವರ ಹಾರ ಅದು. ಹಾರದ ಮೇಲೆ ಹೂವಿಡುವುದು ಅವರ ಕ್ರಮ. ಗಂಟುಗಳಲ್ಲಿ ಕುಂಕುಮದ ಕೆಂಪಿತ್ತು. ಗಂಟುಗಳ ನಡುವಿನ ಬಿಳಿ ಹತ್ತಿಯ ಮೇಲೆ ಸ್ಲೇಟಿನ ಬಣ್ಣದ, ಬೂದು ಬೆರೆತ ನೀಲಿ ಪುಡಿ. ಬೆರಳಿಗೆ ಹತ್ತಿತು.

ಪರಾಗ ಹಳದಿಯಿರುತ್ತದೆ ಎನ್ನುವುದು ನಮಗೆಲ್ಲ ಎಷ್ಟು ಖಾತ್ರಿ ಎಂದರೆ, ನಾನು ಕಲಿತ ನಾಲ್ಕು ಹೂವುಗಳ ಲಕ್ಷಣಗಳಲ್ಲಿ ಇದನ್ನು ಸೇರಿಸಿಕೊಂಡೇ ಇರಲಿಲ್ಲ. ಓದಿದ್ದೆ, ದಾಟಿಹೋಗಿದ್ದೆ: ತಲೆ ಬಗ್ಗಿಸುವ ಸ್ಕ್ವಿಲ್ಲಿಗೆ ಪರಾಗವೂ ನೀಲಿ. ಬಿಳಿ ಕಣ್ಣಿನದಕ್ಕೆ ಎಲ್ಲರಂತೆ ಹಳದಿ. ಒಂದೊಂದೇ ಗೆಜ್ಜೆವಸ್ತ್ರವನ್ನು ಬಿಡಿಸಿ ನೋಡಿದೆ. ಎಲ್ಲದರ ಮೇಲೂ ನೀಲಿ.

ಆದರೂ ಖಾತ್ರಿ ಮಾಡಿಕೊಳ್ಳಬೇಕು ಎನ್ನುವ ಕಸುಬಿನ ದುರಭ್ಯಾಸ. ಜೋನಳ ಮನೆಯ ಮುಂದೆ ಹೋಗಿ, ಬಗ್ಗಿ, ಉಳಿದಿದ್ದ ಒಂದು ಹೂವಿನೊಳಗೆ ಬೆರಳು ಮುಟ್ಟಿಸಿದೆ. ಹಳದಿ. ಹಾಗೆ ಬಗ್ಗಿರುವಾಗಲೇ ಬಾಗಿಲು ತೆರೆಯಿತು.

"ನೋಡು, ನೋಡು. ಉಳಿದದ್ದೇ ಅಷ್ಟು," ಎಂದಳು ಜೋನ್. ಅವಳ ಕೈಯಲ್ಲಿ ಒಂದು ಸುರುಳಿ ತಂತಿಬಲೆ ಇತ್ತು. "ಬನ್ನೀಸ್. ನಿನ್ನೆ ಕಣ್ಣಾರೆ ಕಂಡೆ. ಮೂರು ಮೊಲ, ಸಾಲಾಗಿ ಕೂತು ತಿಂಡಿ ತಿನ್ನುತ್ತಿದ್ದವು. ತೊರೆಯ ಹತ್ತಿರದ ನೀಲಿಯನ್ನು ಮೂಸುವುದೂ ಇಲ್ಲ. ನನ್ನದೇ ಬೇಕು." ಆ ಬಲೆಯ ಎತ್ತರ ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಅತ್ತೆಯಾಗಿದ್ದರೆ ಸೀರೆಯ ನೆರಿಗೆ ತುಸು ಎತ್ತಿ ದಾಟಿಬಿಡುತ್ತಿದ್ದರು. ಇದು ಬೇರೆ ಅಳತೆಯ ಕಳ್ಳರಿಗೆ ಮಾಡಿದ ಬೇಲಿ.

ನಾನು ಬೆರಳು ಹಿಂತೆಗೆದು ಎದ್ದು ನಿಂತೆ. ಜೋನ್ ಮುಂದುವರಿಸಿದಳು. "ನಿನ್ನ ಅತ್ತೆ ಅಷ್ಟು ಬೇಗ ಹೊರಗೆ ಬರುತ್ತಾರಲ್ಲ, ಯಾರು ತಿನ್ನುತ್ತಾರೆಂದು ನೋಡಿರಬಹುದು ಅಂತ ಅವತ್ತು ನಿನ್ನನ್ನು ಕೇಳಿದ್ದು. ನಾವಿಬ್ಬರೂ ದಿನಾ ಕೈ ಬೀಸುತ್ತಿದ್ದೆವು, ನಾನು ಕಾಫಿ ಹಿಡಿದು ಕಿಟಕಿಯಲ್ಲಿ, ಅವರು ಆ ಬಿಳಿ ಡಬ್ಬಿ ಹಿಡಿದು. ಈ ವಾರ ಕಾಣಲೇ ಇಲ್ಲ. ಹುಷಾರಾಗಿದ್ದಾರೆ ತಾನೆ?"

ಅವಳು ಕೇಳಿದ್ದು ಸಾಕ್ಷಿಯನ್ನು. ನಾವು ಒಪ್ಪಿಸಿದ್ದು ಅಪರಾಧಿಯನ್ನು. ಆ ಮಾತಿನ ಅಡಿಯಲ್ಲಿ ಏನೂ ಇರಲಿಲ್ಲ. ಮೇಲೆ ಕಂಡದ್ದೇ ಪೂರ್ತಿ ಮಾತು. ಹುಷಾರಾಗಿದ್ದಾರೆ ಎಂದೆ. ಹೇಳುವಾಗ ನನ್ನ ಬೆರಳಿನಲ್ಲಿ ಒಂದು ಕಡೆ ನೀಲಿ, ಒಂದು ಕಡೆ ಹಳದಿ ಇತ್ತು.

ಮನೆಗೆ ಬಂದರೆ ಅತ್ತೆ ದೇವರ ಮನೆಯ ಮುಂದೆ ಮಣೆಯ ಮೇಲೆ ಕೂತು ಹತ್ತಿ ಎಳೆಯುತ್ತಿದ್ದರು. ಶ್ರೀಧರ, ಅದಿತಿ ಇಬ್ಬರನ್ನೂ ಕರೆದೆ. ನೆಲದ ಮೇಲೆ ಕೂತು ಎಲ್ಲ ವಿವರಿಸಿದೆ: ನೆಲ ನೋಡುವುದು, ಬಾನು ನೋಡುವುದು, ಬಿಳಿ ಕಣ್ಣು, ನೀಲಿ ಪರಾಗ, ಮೂರು ಮೊಲ. ಕೆಂಪು ಕಾರಿನ ವಿಷಯವನ್ನೂ ಹೇಳಿದೆ. ಅದನ್ನು ಹೇಳುವಾಗ ಮಾತ್ರ ಗೆಜ್ಜೆವಸ್ತ್ರದ ಕಡೆ ನೋಡುತ್ತಿದ್ದೆ. ಕಂಪನಿಯಲ್ಲಿ ಕೂಡ ನಾನು ಇಷ್ಟು ಅಚ್ಚುಕಟ್ಟಾದ ವರದಿ ಕೊಟ್ಟಿದ್ದಿಲ್ಲ. ಶ್ರೀಧರ "ಸಾರಿ ಅಮ್ಮಾ" ಎಂದ. ಅದಿತಿ "ಟೋಲ್ಡ್ ಯು" ಎಂದಳು, ಬೇರೆ ಯಾರಿಗೂ ಅಲ್ಲ, ನನಗೆ.

ಅತ್ತೆ ಎಳೆಯುತ್ತಿದ್ದ ಹತ್ತಿಯನ್ನು ನಿಲ್ಲಿಸಲಿಲ್ಲ. "ಇಷ್ಟ್ ದಿನ ಆದ್ಮೇಲೆ ಹತ್ತಿ ಹೇಳಿದ್ದು ಕೇಳಿಸ್ತು ನಿಂಗೆ," ಎಂದರು. "ಅವತ್ತು ಊಟಕ್ಕೆ ಕೂತಾಗ ನಾನೂ ಅದೇ ಹೇಳಿದ್ದೆನಮ್ಮಾ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾಳೆಯಿಂದ ಹೋಗ್ಬನ್ನಿ ಅತ್ತೆ."

"ನೋಡೋಣ. ಮಂಡಿ ಹಿಡ್ಕೊಂಡಿದೆ."

ಮಾರನೆಯ ದಿನ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಬೋರಲು ಹಾಕಿದ ಡಬ್ಬಿ ಸಿಂಕಿನ ಪಕ್ಕವೇ ಇತ್ತು. ಪಾತ್ರೆ ತೊಳೆಯುವಾಗ ನಾನು ಅದರ ಸುತ್ತ ಕೈಯಾಡಿಸುತ್ತಿದ್ದೆ, ಸರಿಸುತ್ತಿರಲಿಲ್ಲ. ಬಾಗಿಲು ಮುಚ್ಚುವುದು ಒಂದು ಮಾತಿನ ಕೆಲಸ. ತೆರೆದ ಮೇಲೆ ಒಳಗಿದ್ದವರು ಹೊರಡಲೇಬೇಕೆಂದು ಯಾರು ಹೇಳುವುದು? ಹೊರಗೆ ಬಿಸಿಲು ಏರುತ್ತಿತ್ತು. ಈ ಹೂವುಗಳ ಆಯುಸ್ಸು ಎರಡು ವಾರ, ಹೆಚ್ಚೆಂದರೆ ಮೂರು. ಅಂಗಳದವು ಬಣ್ಣ ಬಿಟ್ಟು ಕಾಗದದಂತಾದವು. ತೊರೆಯ ಆಚೆ ದಂಡೆಯ ನೆರಳಿನಲ್ಲಿ ಇನ್ನೂ ಒಂದಿಷ್ಟು ಉಳಿದಿರಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಈ ಮನೆಯಲ್ಲಿ ನನ್ನ ಮಾತು ಆ ಏಪ್ರಿಲ್ಲಿಗೆ ಸಾಕಷ್ಟಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಕಾಫಿಗೆ ನೀರಿಡಲು ಬಂದಾಗ ಸಿಂಕಿನ ಪಕ್ಕ ಜಾಗ ಖಾಲಿಯಿತ್ತು. ಅದಿತಿಯ ರಬ್ಬರ್ ಬೂಟು ಇರಲಿಲ್ಲ. ಕಿಟಕಿಯ ಪರದೆ ಸರಿಸಿ ನೋಡಬೇಕೆನಿಸಿತು, ಸರಿಸಲಿಲ್ಲ. ಡಿಕಾಕ್ಷನ್ ಇಳಿಯುವುದನ್ನು ನೋಡುತ್ತ ನಿಂತೆ. ಅತ್ತೆ ಬಂದರು, ಮೂಗು ಕೆಂಪಗಾಗಿತ್ತು, ಜಾಕೆಟ್ಟಿನ ತೋಳಿಗೆ ಒಣ ಎಲೆ ಅಂಟಿತ್ತು. ಡಬ್ಬಿಯಲ್ಲಿದ್ದುದನ್ನು ಬೆಳ್ಳಿಯ ತಟ್ಟೆಗೆ ಸುರಿದು ದೇವರ ಮುಂದೆ ಇಟ್ಟರು.

ಹೂವು ಹೆಚ್ಚೇನೂ ಇರಲಿಲ್ಲ, ಕಾಲದ ಕೊನೆಯವು. ಎಲ್ಲವೂ ತಲೆ ಬಗ್ಗಿಸಿದವೇ. ಒಂದನ್ನು ಬಿಟ್ಟು. ತಟ್ಟೆಯ ಅಂಚಿನಲ್ಲಿ ಒಂದು ಹೂವು ಪೂರ್ತಿ ಬಿಚ್ಚಿಕೊಂಡು, ಬಿಳಿ ಕಣ್ಣು ತೆರೆದು, ನೇರ ಮೇಲೆ ನೋಡುತ್ತಿತ್ತು. ನನಗೀಗ ಭೇದ ಗೊತ್ತು. ಅದು ಜೋನಳೇ ಬಲೆಯ ಆಚೆಯಿಂದ ಕಿತ್ತು ಕೊಟ್ಟದ್ದಿರಬಹುದು. ಇರುವೆಗಳು ಹೊತ್ತ ಬೀಜದಿಂದ ತೊರೆಯ ಹತ್ತಿರವೇ ಒಂದು ಹುಟ್ಟಿದ್ದಿರಬಹುದು. ಮೈಸೂರಿನ ಕೈ ದಾರಿಯಲ್ಲಿ ಒಮ್ಮೆ ಬಲೆಯ ಮೇಲೆ ಚಾಚಿದ್ದೂ ಇರಬಹುದು. ಇಳಿಸಿ ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಕನ್ನಡಕ ಹಣೆಯ ಮೇಲೇ ಇತ್ತು.

"ಏನ್ ನೋಡ್ತಿದೀಯಾ?" ಎಂದರು ಅತ್ತೆ, ತಿರುಗದೆ.

"ಏನಿಲ್ಲ ಅತ್ತೆ. ಕಾಫಿ ಆಗಿದೆ."

ಕನ್ನಡಕವನ್ನು ಹಣೆಯಿಂದ ಇಳಿಸದೆ ಹಾಗೇ ಬಿಟ್ಟೆ. ಹಿಂದೆ ಸರಿದು ನಿಂತಾಗ, ದೂರದಿಂದ ಎಲ್ಲವೂ ಒಂದೇ ಬಣ್ಣವಾಗಿ, ಚೆನ್ನಾಗಿ ಕಂಡವು. ಆ ದಿನ ಡೈರಿಯಲ್ಲಿ ಹೂವಿನ ಕುಲ, ಜಾತಿ, ಪರಾಗದ ಬಣ್ಣ ಎಲ್ಲವನ್ನೂ ತಪ್ಪಿಲ್ಲದೆ ಬರೆಯಬಲ್ಲವಳಾಗಿದ್ದೆ. ಪೆನ್ನು ಹಿಡಿದೆ. ಆಮೇಲೆ ಪ್ರತಿ ವರ್ಷದಂತೆ ಬರೆದೆ: "ನೀಲಿ ಹೂವು ಬಂತು."